ಮೂರು ಬೀಗದ ಫೋಲ್ಡರುಗಳೂ ಗೌರತ್ತೆಯ ಹಲ್ಲುಗಳೂ

ಎಸೆಯಬೇಕೆಂದು ಕೈಗೆತ್ತಿಕೊಂಡ ಹಳೆಯ ಡಬ್ಬಿಯನ್ನು ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡದೆ ಎಸೆಯುವ ಧೀರರನ್ನು ನಾನಿನ್ನೂ ಕಂಡಿಲ್ಲ. ನೀವು ಕಂಡಿದ್ದರೆ ವಿಳಾಸ ಕೊಡಿ, ಹೋಗಿ ನಮಸ್ಕರಿಸಿ ಬರುತ್ತೇನೆ. ಈ ಮೂಸುವ ಚಪಲ ನನಗೆ ಹುಟ್ಟಿನಿಂದಲೇ ಅಂಟಿದ್ದು. ತೊಂಬತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ನಮ್ಮ ಓಣಿಯಲ್ಲಿ ಕಂಪ್ಯೂಟರು ಇನ್ನೂ ಹೊಸ ಅಳಿಯನ ಮರ್ಯಾದೆ ಪಡೆಯುತ್ತಿದ್ದ ಕಾಲದಲ್ಲಿ, ಇದೇ ಚಪಲ ನನ್ನ ಮಾನವನ್ನು ಹರಿಹರದ ಒಂದು ಅಡುಗೆಮನೆಯಲ್ಲಿ ಹರಾಜಿಗಿಟ್ಟಿತ್ತು.

ಆ ಅಡುಗೆಮನೆ ನನ್ನ ಸೋದರತ್ತೆ ಗೌರತ್ತೆಯದು. ಬೀಸುವ ಪದಗಳ ಭಂಡಾರವೇ ಆಕೆಯ ಕಂಠದಲ್ಲಿತ್ತು. ಆದರೆ ಕೈಯಲ್ಲಿ ಬೀಸುಕಲ್ಲಿನ ಗೂಟ ತಿರುಗದಿದ್ದರೆ ಬಾಯಿಂದ ಒಂದು ಸಾಲೂ ಹೊರಡುತ್ತಿರಲಿಲ್ಲ. ಉಳಿದ ಹಲ್ಲುಗಳನ್ನೆಲ್ಲ ಕೀಳಿಸಲು, ನನ್ನ ಮಾನ ಹರಾಜಾದ ದಿನದ ಮರುದಿನವೇ ದಾವಣಗೆರೆಯ ದಂತವೈದ್ಯರಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. "ಹಲ್ಲು ಹೋದ್ರೆ ಪದಾನೂ ಹೋದಂಗೇ. ಬರೇ ಗಾಳಿ ಬರ್ತೈತೆ," ಎಂದು ಆಕೆ ಕಣ್ಣೊರೆಸಿಕೊಂಡಾಗ, ಅವನ್ನೆಲ್ಲ ರೆಕಾರ್ಡು ಮಾಡಿಯೇ ತೀರುವೆನೆಂದು ಪಣ ತೊಟ್ಟೆ. ಮನೆಯ ಟೇಪ್ ರೆಕಾರ್ಡರು ಹಿಂದೊಮ್ಮೆ ಆಕೆಯ ದನಿಯನ್ನು ಕ್ಯಾಸೆಟ್ಟಿನ ಸಮೇತ ನುಂಗಿ ಹಾಕಿತ್ತು. ಹಾಗಾಗಿ ನಾನು ಎದೆಯುಬ್ಬಿಸಿ ಕಂಪ್ಯೂಟರಿನ ಕೀರ್ತಿ ಕೊಂಡಾಡಿ, ಸಿಪಿಯು, ಮಾನಿಟರು, ಮೈಕು, ಹೊರಗಿನಿಂದ ಜೋಡಿಸುವ ಡಿಸ್ಕು, ಎಲ್ಲವನ್ನೂ ಬಾಡಿಗೆ ಕಾರಿನಲ್ಲಿ ಬಾಣಂತಿಯ ಜೋಪಾನದಲ್ಲಿ ತಂದಿಳಿಸಿದ್ದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಪದಗಳೂ ರೆಕಾರ್ಡಾಗಿ ಮುಗಿದು, ಅತ್ತೆಗೆ ಅವಳ ತಾಯಿ ಕಲಿಸಿದ್ದ ದೊಡ್ಡ ಪದವೊಂದೇ ಉಳಿಯಿತು. ಆಗಲೇ ಡಿಸ್ಕು ಹೊಟ್ಟೆ ತುಂಬಿತೆಂದು ಕೈಯೆತ್ತಿತು. ನೋಡಿದರೆ, ಒಂದು ಸ್ಟುಡಿಯೋದವರಿಂದ ನಾನು ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದ ಆ ಡಿಸ್ಕಿನಲ್ಲಿ, ಯಾವ ಲಿಪಿಗೂ ಸೇರದ ಹೆಸರಿನ ಮೂರು ಫೋಲ್ಡರುಗಳು ಬೀಗ ಜಡಿದುಕೊಂಡು ಅರ್ಧ ಜಾಗ ಆಕ್ರಮಿಸಿದ್ದವು! ಡಿಸ್ಕನ್ನೇ ಪೂರ್ತಿ ತೊಳೆದುಬಿಟ್ಟರೆ ಬೆಳಗಿನ ಹಾಡುಗಳೂ ಕೊಚ್ಚಿಹೋಗುತ್ತಿದ್ದವು. ಕಂಪ್ಯೂಟರಿನೊಳಗೂ ಜಾಗವಿರಲಿಲ್ಲ.

ಬೀಗವೇನೋ ಸುಲಭದ್ದೇ, 'ಓದಲು ಮಾತ್ರ' ಎಂಬ ಗುರುತನ್ನು ಅಳಿಸಿದೊಡನೆ ಬಿಚ್ಚಿಕೊಂಡಿತು. ಆದರೆ ಮೂಸದೆ ಎಸೆಯುವುದುಂಟೇ? ಒಂದೊಂದು ಫೋಲ್ಡರಿನಿಂದಲೂ ಒಂದೊಂದು ಕಡತವನ್ನು ತೆರೆದು ಕಿವಿಗೊಟ್ಟೆ. ಬರೀ ಗೊರಗೊರ ಸದ್ದು. ಅಳಿಸಹೊರಟರೆ, 'ಬಳಕೆಯಲ್ಲಿದೆ, ಅಳಿಸಲಾಗದು' ಎಂಬ ಉದ್ಧಟ ಉತ್ತರ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ; ಹೊತ್ತಿದ್ದೇ ತಡ, ಈಗಲಾದರೂ ಒಳಗೇನಿದೆಯೆಂದು ಆ ಮೂರು ಕಡತಗಳನ್ನೂ ಇನ್ನೊಮ್ಮೆ ತೆರೆದು ನೋಡಿದೆ. ಅಳಿಸಹೊರಟರೆ ಮತ್ತೆ ಅದೇ ಉತ್ತರ.

"ಯಾಕಪ್ಪಾ, ಹೋಗ್ತಿಲ್ವಾ?" ಎಂದಳು ಅತ್ತೆ.

"ಯಾರೋ ಬಳಸ್ತಾ ಇದಾರಂತೆ ಅತ್ತೆ, ಅದಕ್ಕೇ ಬಿಡವಲ್ದು."

"ಯಾರು? ಇಲ್ಲಿ ಇರೋನು ನೀನೊಬ್ನೇ ಅಲ್ಲೇನೋ!"

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಪರದೆಯ ಕೆಳತುದಿಯಲ್ಲಿ, ನಾನೇ ತೆರೆದು ಮರೆತಿದ್ದ ಮೂರು ಕಡತಗಳು ಮುದುರಿ ಕೂತಿದ್ದವು. ಇಷ್ಟು ಹೊತ್ತು ನಾನು ಶಪಿಸುತ್ತಿದ್ದ ಆ ಅಜ್ಞಾತ ಬಳಕೆದಾರ ಸಾಕ್ಷಾತ್ ನಾನೇ! ತೊಲಗಲೊಲ್ಲವೆಂದು ನಾವು ಗೋಳಾಡುವ ಎಷ್ಟೋ ಸಂಗತಿಗಳನ್ನು ಹೀಗೆಯೇ ದಿನವೂ ನಾವೇ ತೆರೆದು ನೋಡುತ್ತಿರುತ್ತೇವೆಂದು ಆಮೇಲೆ ಅನ್ನಿಸಿದ್ದುಂಟು. ಆ ಕ್ಷಣಕ್ಕೆ ಮಾತ್ರ ತತ್ತ್ವಕ್ಕೆ ಪುರುಸೊತ್ತಿರಲಿಲ್ಲ. ಮೂರನ್ನೂ ಮುಚ್ಚಿದೆ. ಕೊನೆಯ ಸಲ ಇಣುಕಲು ಕೈ ತುರಿಸಿತು, ತಡೆದುಕೊಂಡೆ. ಗುಂಡಿ ಒತ್ತಿದೆ.

ಹೋದವು! ಮೂರಕ್ಕೆ ಮೂರೂ ಹೋದವು! ಚಂಗನೆ ಎದ್ದ ಭರಕ್ಕೆ ಪಾತ್ರೆಯ ಹಲಗೆ ತಲೆಗೆ ಬಡಿದು, ಲೋಟಗಳು ಉರುಳಿ, ವಿಜಯಕ್ಕೆ ಬೇಕಾದ ವಾದ್ಯಘೋಷವೂ ಆಯಿತು.

ಅತ್ತೆ ಕಲ್ಲಿಗೆ ಹಿಡಿ ಜೋಳ ಹಾಕಿ ಗೂಟ ಹಿಡಿದಳು. ಆ ದೊಡ್ಡ ಪದ ಎಲ್ಲೂ ತಡವರಿಸದೆ, ಕಲ್ಲಿನ ಗುರುಗುಡುವಿಕೆಯ ಮೇಲೆ ಏರಿ ಇಳಿದು ಕಡೆಯ ಸಾಲಿಗೆ ಬಂದು ನಿಂತಿತು. ರೆಕಾರ್ಡಾದದ್ದನ್ನು ಮತ್ತೆ ಹಾಕಿ ಕೇಳಿಸಿದೆ. ತನ್ನ ದನಿಯನ್ನು ತಾನೇ ಮೊದಲ ಸಲ ಕೇಳಿದ ಅತ್ತೆ, ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡವಿಟ್ಟುಕೊಂಡು ಕಡೆಯವರೆಗೂ ಅಲುಗಾಡಲಿಲ್ಲ. ಆಮೇಲೆ ಕೈ ತೆಗೆದು, ಬಿಳಿಯಾದ ತುಟಿಗಳಲ್ಲಿ ಬಾಯ್ತುಂಬ ನಕ್ಕಳು.

"ಇನ್ನ ಆ ಡಾಕ್ಟ್ರು ಎಷ್ಟು ಬೇಕಾದ್ರೂ ಕೀಳ್ಲಿ ಬಿಡಪ್ಪಾ!"