ಕೆಸರು ನೀರಿನ ನಾಲ್ಕು ದಿನ

ಬಹ್ರೇನಿನ ಮನಾಮದ ಟ್ರಾವೆಲ್ ಆಫೀಸೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದಾಗ ನಡೆದದ್ದು ಇದು. ಊರಿಗೆ ಹೋಗುವವರ ಟಿಕೆಟು, ಉಮ್ರಾಕ್ಕೆ ಹೊರಟವರ ಬಸ್ಸು, ಈದ್ ರಜೆಯಲ್ಲಿ ಜಾರ್ಜಿಯಾ, ಅಜರ್‌ಬೈಜಾನ್ ನೋಡಿಬರುವವರ ಹೋಟೆಲು, ಇಷ್ಟೇ ನಮ್ಮ ವ್ಯವಹಾರ. ಬರೀ ಮೀನು ಹಿಡಿಯುವುದಕ್ಕಾಗಿ ವಿಮಾನ ಹತ್ತುವವರೂ ಇದ್ದಾರೆಂದು ನನಗೆ ತಿಳಿದದ್ದು ಆ ಅಂಕಲ್ ಬಂದ ಮೇಲೆ.

ಅವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಸಿತ್ರಾದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿ ಆ ಬೇಸಿಗೆಯಲ್ಲಿ ನಿವೃತ್ತರಾಗುವವರಿದ್ದರು. ಹೆಂಡತಿಯ ಜೊತೆ ಸೆಗಯಾದ ಹಳೆಯ ಕಟ್ಟಡದಲ್ಲಿ ವಾಸ. ಪ್ರತಿ ವರ್ಷ ಊರಿನ ಟಿಕೆಟಿಗೆ ನಮ್ಮಲ್ಲಿಗೇ ಬರುತ್ತಿದ್ದರಿಂದ ನನಗೆ ಪರಿಚಯವಿತ್ತು. ಆ ಸಲ ಬಂದವರು ಊರಿನ ಮಾತೆತ್ತದೆ ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರ ತುಂಬ ಗಾಳಗಳು. ಒಂದೊಂದಕ್ಕೂ ಕೋಳಿಯ ಗರಿ, ಬಣ್ಣದ ನೂಲು ಸುತ್ತಿ ನೊಣದ ಹಾಗೆ ಕಾಣುವಂತೆ ಮಾಡಿದ್ದರು.

ಇಂಗ್ಲೆಂಡಿನ ಒಬ್ಬ ಮೇಲಧಿಕಾರಿ ಬಹ್ರೇನ್ ಬಿಟ್ಟು ಹೋಗುವಾಗ ತನ್ನ ಗಾಳದ ಕೋಲನ್ನು ಇವರಿಗೆ ಕೊಟ್ಟಿದ್ದನಂತೆ. ಈ ಬಗೆಯ ಗಾಳದಲ್ಲಿ ತೂಕ ಇರುವುದಿಲ್ಲ, ಎರೆ ಇರುವುದಿಲ್ಲ. ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ ಆ ಸುಳ್ಳು ನೊಣವನ್ನು ನೀರಿನ ಮೇಲೆ ಹಗುರಾಗಿ ಇಳಿಸಬೇಕು. ನಿಜವೆಂದು ನಂಬಿ ಮೀನು ಕಚ್ಚಬೇಕು. ಶುಕ್ರವಾರ ಬಿಸಿಲೇರುವ ಮೊದಲು ಸಿತ್ರಾದ ದಡದಲ್ಲಿ ನಿಂತು ಅಂಕಲ್ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಸಮುದ್ರದಲ್ಲಿ ಏನಾದರೂ ಸಣ್ಣಪುಟ್ಟದು ಸಿಗುತ್ತಿತ್ತು. ಆದರೆ ಆ ಗಾಳ ಹುಟ್ಟಿದ್ದೇ ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ. ಬೆಟ್ಟದ ಹೊಳೆಯಲ್ಲಿ, ಯಾರೂ ಸಾಕದೆ ತಾನೇ ಬೆಳೆದ ಟ್ರೌಟನ್ನು ಒಮ್ಮೆ ಹಿಡಿದು, ನೋಡಿ, ಬಿಟ್ಟುಬಿಡಬೇಕೆಂಬುದು ಅವರ ಆಸೆ. ಬಹ್ರೇನಿನ ವೀಸಾ ಮುಗಿಯುವುದರೊಳಗೆ ಅದನ್ನೊಂದು ಮಾಡಿಬಿಡಬೇಕೆಂದರು. ಹೆಂಡತಿಗೆ ಚಳಿ ಒಗ್ಗುವುದಿಲ್ಲ, ತಾನೊಬ್ಬನೇ ಹೋಗುವುದೆಂದರು.

ನಾನು ಹುಡುಕಿ ಹುಡುಕಿ ಜಾರ್ಜಿಯಾದ ಬೆಟ್ಟಗಳ ನಡುವೆ ಒಂದು ಲಾಡ್ಜ್ ಕಂಡುಹಿಡಿದೆ. ಮರದ ಮನೆ, ಆರು ಕೋಣೆ, ಎದುರಿಗೇ ಹೊಳೆ. ನಡೆಸುವವಳು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಬಹ್ರೇನಿನಿಂದ ಯಾರೂ ಅಲ್ಲಿಗೆ ಹೋದವರಿಲ್ಲವಾದ್ದರಿಂದ, ಆಫೀಸಿನಿಂದ ಒಬ್ಬರು ಜಾಗ ನೋಡಿಹೋಗಲು ಜೊತೆಯಲ್ಲಿ ಬಂದರೆ ಅವರಿಗೆ ಊಟ ವಸತಿ ಪುಕ್ಕಟೆ ಎಂದು ಬರೆದಳು. ನಮ್ಮ ಮ್ಯಾನೇಜರರು ನನ್ನನ್ನೇ ಹೋಗಲು ಹೇಳಿದರು. ಜೂನ್ ಮೊದಲ ವಾರ ಎಂದು ನಿಶ್ಚಯವಾಯಿತು. ಆರು ವರ್ಷದಲ್ಲಿ ನೂರಾರು ಜನರನ್ನು ಎಲ್ಲೆಲ್ಲಿಗೋ ಕಳಿಸಿದ್ದ ನಾನು ಬಹ್ರೇನ್ ಮತ್ತು ಮಂಗಳೂರು ಬಿಟ್ಟು ಮೂರನೆಯ ಊರು ನೋಡಿರಲಿಲ್ಲ.

ಹೊರಡಲು ಹತ್ತು ದಿನವಿರುವಾಗ ಲಾಡ್ಜಿನವಳ ಇ-ಮೈಲ್ ಬಂತು. ಈ ವರ್ಷ ಹಿಮ ತಡವಾಗಿ ಕರಗುತ್ತಿದೆ, ಹೊಳೆ ಕೆಸರಾಗಿ ಉಕ್ಕಿ ಹರಿಯುತ್ತಿದೆ, ಇಂಥ ನೀರಿನಲ್ಲಿ ಮೀನಿಗೆ ನೊಣ ಕಾಣುವುದಿಲ್ಲ, ದಯವಿಟ್ಟು ಜುಲೈ ಕೊನೆಗೆ ಬನ್ನಿ, ಬದಲಾಯಿಸಲು ಏನೂ ತೊಂದರೆಯಿಲ್ಲ ಎಂದಿತ್ತು. ಅಂಕಲ್‌ಗೆ ಆಗಸ್ಟ್ ಕೊನೆಯವರೆಗೆ ವೀಸಾ ಇತ್ತು. ನನಗೆ ಮಾತ್ರ ಜುಲೈಯಲ್ಲಿ ರಜೆ ಸಿಗುವಂತಿರಲಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವವನು ಆಗ ಊರಿಗೆ ಹೋಗುವವನಿದ್ದ. ಹೋಗುವುದಾದರೆ ಅಂಕಲ್ ಒಬ್ಬರೇ ಹೋಗಬೇಕಾಗುತ್ತಿತ್ತು.

ಆ ಮೈಲನ್ನು ಎರಡು ಸಲ ಓದಿದೆ. ಉತ್ತರ ಬರೆಯಲಿಲ್ಲ. ನೀರು ಅಷ್ಟರೊಳಗೆ ಇಳಿಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ಸಂಜೆ ಅಂಕಲ್ ಫೋನ್ ಮಾಡಿ, ಅಲ್ಲಿಯ ಸುದ್ದಿ ಎಂತಾದರೂ ಉಂಟಾ ಎಂದು ಕೇಳಿದರು. ಎಲ್ಲ ಸರಿ ಇದೆ ಅಂಕಲ್ ಎಂದೆ.

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಇಳಿದು ಆರು ಗಂಟೆ ಕಾರು, ಆಮೇಲೆ ಜೀಪು. ಹೊಳೆ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿಸಿತು. ಜೀಪಿನಿಂದ ಇಳಿದ ಅಂಕಲ್ ನೇರ ದಡಕ್ಕೆ ಹೋಗಿ ನಿಂತರು. ಹಾಲು ಬೆರೆಸಿದ ಕಾಫಿಯ ಬಣ್ಣದ ನೀರು ಇಡೀ ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ನೀರಿನ ತಳದಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಶಬ್ದ ದಡದವರೆಗೆ ಬರುತ್ತಿತ್ತು. ಬಹಳ ಹೊತ್ತು ನೋಡಿದ ಮೇಲೆ ಅವರು, ನಾಳೆಗೆ ಇಳಿಯಬಹುದು ಅಲ್ವಾ ಎಂದರು. ನಾನು ಹೂಂ ಅಂದೆ.

ಇಳಿಯಲಿಲ್ಲ. ಮೂರು ದಿನ ಅಂಕಲ್ ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡು, ಅಂಚಿನ ನೀರಿನಲ್ಲಿ ನಿಂತು ದಾರ ಬೀಸಿದರು. ದಾರಿ ತೋರಿಸಲು ಇದ್ದವನು ಲಾಡ್ಜಿನವಳ ತಮ್ಮ. ಅಂಕಲ್ ಬೀಸುವ ರೀತಿ ನೋಡಿ ಅವನಿಗೆ ಆಶ್ಚರ್ಯವಾಗಿತ್ತು. ದಾರ ಹಿಂದಕ್ಕೆ ಪೂರ್ತಿ ಬಿಚ್ಚಿಕೊಂಡು, ಒಂದು ಕ್ಷಣ ಗಾಳಿಯಲ್ಲಿ ನಿಂತು, ಮುಂದಕ್ಕೆ ಹೋಗಿ ಸದ್ದಿಲ್ಲದೆ ಇಳಿಯುತ್ತಿತ್ತು. ಇಳಿದ ಕೂಡಲೇ ಕೆಸರು ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಅವರು ದಾರ ಸುತ್ತಿ, ನೊಣವನ್ನು ಉಫ್ ಎಂದು ಊದಿ ಒಣಗಿಸಿ, ಮತ್ತೆ ಬೀಸುತ್ತಿದ್ದರು. ಹಿಂದೆ ಕಲ್ಲಿನ ಮೇಲೆ ಕುಳಿತ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಡುನಡುವೆ ತಿರುಗಿ, ನಿನಗೆ ಬೋರ್ ಆಗ್ತದಾ ಎಂದು ಕೇಳುವರು. ಆ ಬೆಟ್ಟ, ಆ ಕಾಡು, ಅಂಗಳಕ್ಕೆ ಬರುತ್ತಿದ್ದ ಕುದುರೆಗಳು, ಯಾವುದಕ್ಕಾಗಿ ಮೈಲನ್ನು ಮುಚ್ಚಿಟ್ಟು ಬಂದಿದ್ದೆನೋ ಅದನ್ನು ಕಣ್ಣೆತ್ತಿ ನೋಡಲೂ ನನಗೆ ಸಂಕೋಚವಾಗುತ್ತಿತ್ತು.

ಮೂರನೆಯ ಸಂಜೆ ಊಟದ ಮೇಜಿನಲ್ಲಿ ಲಾಡ್ಜಿನವಳು ಕೇಳಿಯೇಬಿಟ್ಟಳು. ನಾನು ನಿಮ್ಮ ಆಫೀಸಿಗೆ ಬರೆದಿದ್ದೆನಲ್ಲ, ಜುಲೈಗೆ ಬನ್ನಿ ಎಂದು, ಮೈಲ್ ಸಿಗಲಿಲ್ಲವೆ? ಅವಳು ತಪ್ಪು ಹುಡುಕುತ್ತಿರಲಿಲ್ಲ, ಬೇಸರದಿಂದ ಕೇಳಿದಳು ಅಷ್ಟೆ. ಇಲ್ಲ, ಅಂಥ ಮೈಲ್ ಯಾವುದೂ ಬರಲಿಲ್ಲ ಎಂದೆ. ಅಂಕಲ್ ರೊಟ್ಟಿ ಮುರಿಯುತ್ತಿದ್ದರು. ಕೆಲವು ಸಲ ಮೈಲ್ ತಪ್ಪಿಹೋಗುತ್ತದೆ, ಏನು ಮಾಡುವುದು ಎಂದು ಇಂಗ್ಲಿಷಿನಲ್ಲಿ ಅವಳಿಗೆ ಹೇಳಿ, ಸೂಪು ಬಹಳ ಚೆನ್ನಾಗಿದೆ ಎಂದರು.

ಕೊನೆಯ ದಿನ ಅವಳ ತಮ್ಮ ನಮ್ಮನ್ನು ಹೊಳೆ ಬಿಟ್ಟು ಕಾಡಿನೊಳಗೆ ಒಂದು ಗಂಟೆ ನಡೆಸಿದ. ಬೆಟ್ಟದಿಂದ ಒಸರುವ ಸಣ್ಣ ತೊರೆಯೊಂದು ಅಲ್ಲಿ ಕೋಣೆಯಷ್ಟಗಲದ ಹೊಂಡವಾಗಿ ನಿಂತಿತ್ತು. ನೀರು ತಿಳಿಯಾಗಿತ್ತು. ಅಂಕಲ್ ಮುಕ್ಕಾಲು ಗಂಟೆ ಬೀಸಿದರು. ಒಂದು ಮೀನು ಮೇಲೆ ಬಂದು ಅವರ ನೊಣವನ್ನು ನೋಡಿ ಹಿಂದೆ ಹೋಯಿತು. ನಡೆದು ಬಂದದ್ದರಿಂದ ಅವರ ಮಂಡಿ ನೋಯುತ್ತಿತ್ತು. ಕಲ್ಲಿನ ಮೇಲೆ ಕೂತು, ಬಾ, ನೀನೊಮ್ಮೆ ಬಿಸಾಡು ಎಂದು ಕೋಲನ್ನು ನನ್ನ ಕೈಗೆ ಕೊಟ್ಟರು.

ಬೇಡ ಎಂದೆ. ಅವರು ಬಿಡಲಿಲ್ಲ. ಜೀವಮಾನದಲ್ಲಿ ಕೋಲು ಹಿಡಿಯದ ನಾನು ಹೇಗೋ ಬೀಸಿದೆ. ದಾರ ಸಿಕ್ಕುಸಿಕ್ಕಾಗಿ ಬಂಡೆಯ ಪಕ್ಕ ದೊಪ್ಪನೆ ಬಿತ್ತು. ಕೋಲು ಬಗ್ಗಿತು. ಅಂಕಲ್ ಮಂಡಿ ನೋವು ಮರೆತು ನೀರಿಗಿಳಿದು ಬಂದರು. ಬಿಡಬೇಡ, ಎಳೀಬೇಡ, ಹಾಗೇ ಹಿಡಿ ಎನ್ನುತ್ತ, ಒದ್ದೆ ಕೈಯಲ್ಲಿ ಅದನ್ನು ಮೆಲ್ಲಗೆ ಎತ್ತಿದರು. ಒಂದು ಗೇಣಿನ ಟ್ರೌಟ್ ಮೀನು. ಕಂದು ಮೈ, ಮೈಮೇಲೆ ಕೆಂಪು ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ತೆಳ್ಳನೆಯ ಬಿಳಿ ಬಳೆ. ಅದನ್ನು ನನ್ನ ಕೈಗೆ ಕೊಟ್ಟು ಫೋಟೋ ತೆಗೆದರು. ಆಮೇಲೆ ತಾವೇ ನೀರಿಗೆ ಬಿಟ್ಟು, ಅದು ಬಂಡೆಯಡಿಗೆ ಹೋಗುವವರೆಗೆ ಬಗ್ಗಿಯೇ ನಿಂತರು. ನಾಲ್ಕು ದಿನದಲ್ಲಿ ಸಿಕ್ಕಿದ್ದು ಅದೊಂದೇ.

ಬಹ್ರೇನಿಗೆ ಮರಳಿದ ಮೇಲೆ ಆ ಫೋಟೋವನ್ನು ಮ್ಯಾನೇಜರರು ದೊಡ್ಡದು ಮಾಡಿಸಿ ಕೌಂಟರಿನ ಹಿಂದೆ ಅಂಟಿಸಿದರು. ಟಿಕೆಟಿಗೆ ಬಂದವರೆಲ್ಲ ಅದನ್ನೂ ನನ್ನನ್ನೂ ನೋಡಿ, ನೀವೇ ಹಿಡಿದದ್ದಾ ಎಂದು ಕೇಳತೊಡಗಿದರು. ಹೌದು, ಹೌದು ಎನ್ನುತ್ತ ಎರಡು ವಾರ ಕಳೆದೆ. ಒಂದು ಮಧ್ಯಾಹ್ನ ಹಮದ್ ಟೌನಿನ ಗಿರಾಕಿಯೊಬ್ಬರು, ನಿಮ್ಮ ಅದೃಷ್ಟ ಮಾರಾಯ್ರೆ ಎಂದು ಕೈ ಕುಲುಕಿದರು. ಅವರು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಕೆಲಸ ಮುಗಿದ ಕೂಡಲೇ ಸೆಗಯಾಕ್ಕೆ ನಡೆದೆ.

ಅಂಕಲ್ ಊರಿಗೆ ಕಳಿಸುವ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದರು. ಆಂಟಿ ಒಳಗೆ ಅಡುಗೆಯಲ್ಲಿದ್ದರು. ಕೂತುಕೋ ಎಂದರೂ ನಾನು ನಿಂತೇ ಇದ್ದೆ.

"ಅಂಕಲ್, ಆ ಮೈಲ್ ಬಂದಿತ್ತು. ನಾನು ಓದಿದ್ದೆ."

ಅವರು ಟೇಪನ್ನು ಹಲ್ಲಿನಿಂದ ಕತ್ತರಿಸಿದರು. "ಗೊತ್ತುಂಟು."

ಟೇಪಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ ಅಂಟಿಸಿ ಅವರೇ ಮುಂದುವರಿಸಿದರು.

"ಆ ಹೆಂಗಸು ಕೇಳುವಾಗ ನೀನು ಫೋನು ತೆಗೆದು ನೋಡ್ಲೇ ಇಲ್ಲ. ನಿಜವಾಗಿ ಬಾರದಿದ್ರೆ ಯಾರಾದ್ರೂ ಒಮ್ಮೆ ನೋಡ್ತಾರೆ. ಯಾಕೆ ಹಾಗೆ ಮಾಡಿದೆ?"

ಜುಲೈಯ ರಜೆಯ ವಿಷಯ, ಪುಕ್ಕಟೆ ವಸತಿಯ ವಿಷಯ, ಯಾವ ಊರನ್ನೂ ನೋಡದ ನನ್ನ ಆಸೆ, ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅದು ಇನ್ನಷ್ಟು ಸಣ್ಣದಾಗಿ, ಅಗ್ಗವಾಗಿ ಕೇಳಿಸುತ್ತಿತ್ತು. ಅಂಕಲ್ ಕೊನೆಯವರೆಗೆ ಕೇಳಿದರು.

"ನನಗೂ ಬರ್ಲಿಕ್ಕೆ ಆಸೆ ಉಂಟು ಅಂತ ನೀನು ಹೇಳಿದ್ರೆ, ಕೆಸರಾದ್ರೂ ಹೋಗುವ ಅಂತ ನಾನೇ ಹೇಳ್ತಿದ್ದೆನೋ ಏನೋ. ಆದ್ರೆ ನನ್ನನ್ನು ಕೇಳ್ಬೇಕಿತ್ತು. ಹೋಗುವುದು ನಾನಲ್ವಾ?"

ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಬಹುದೆಂದು ನಾನು ಕಾಯುತ್ತಿದ್ದೆನೆಂಬುದು ಆಗಲೇ ನನಗೆ ತಿಳಿದದ್ದು. ಅದಕ್ಕೂ ನಾಚಿಕೆಯಾಯಿತು. ಗೊತ್ತಿದ್ದೂ ಆ ದಿನ ಕೋಲನ್ನು ನನ್ನ ಕೈಗೆ ಯಾಕೆ ಕೊಟ್ಟಿರಿ ಎಂದು ಕೇಳಿದೆ.

"ಕಾಲು ನೋಯ್ತಿತ್ತು," ಎಂದರು. "ಬೇರೆ ಎಂತ ಇಲ್ಲ."

ಆ ಮೈಲ್ ತೋರಿಸು ಎಂದರು. ಫೋನಿನಲ್ಲಿ ತೆಗೆದುಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಜುಲೈ ಕೊನೆಗೆ ನೀರು ಗಾಜಿನಂತಿರುತ್ತದೆ, ಮೀನುಗಳನ್ನು ಎಣಿಸಬಹುದು ಎಂದು ಅವಳು ಬರೆದಿದ್ದ ಸಾಲಿನ ಮೇಲೆ ಅವರ ಬೆರಳು ನಿಂತಿತು. ಫೋನು ಹಿಂದೆ ಕೊಟ್ಟರು. ಆಂಟಿ ಬಂದು ಊಟ ಮಾಡಿಕೊಂಡೇ ಹೋಗಬೇಕೆಂದು ಕೂರಿಸಿದರು. ಅಂಕಲ್ ಊಟದುದ್ದಕ್ಕೂ ಕಾರ್ಗೋದವರ ವಿಷಯ ಮಾತಾಡಿದರು.

ಮರುದಿನ ಮ್ಯಾನೇಜರರಿಗೆ ನಡೆದದ್ದನ್ನು ತಿಳಿಸಿದೆ. ಅವರು ಜುಲೈಗೆ ಮತ್ತೊಮ್ಮೆ ಕಳಿಸಿಕೊಡುತ್ತೇವೆಂದು ಅಂಕಲ್‌ಗೆ ಫೋನ್ ಮಾಡಿದರು. ಸಾಮಾನೆಲ್ಲ ಕಟ್ಟಿ ಆಗಿದೆ, ಮಂಡಿಯೂ ಕೇಳುವುದಿಲ್ಲ, ಬೇಡ ಎಂದರಂತೆ. ಜುಲೈ ಮಧ್ಯದಲ್ಲಿ ಅವರಿಬ್ಬರೂ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಬಿಡಲು ನನ್ನನ್ನು ಕರೆಯಲಿಲ್ಲ. ಟಿಕೆಟನ್ನೂ ಬೇರೆ ಕಡೆ ಮಾಡಿಸಿದ್ದರು.

ಲಾಡ್ಜಿನವಳಿಗೂ ಬರೆದೆ. ನಿಮ್ಮ ಮೈಲ್ ಬಂದಿತ್ತು, ನಾನೇ ಮುಚ್ಚಿಟ್ಟಿದ್ದೆ ಎಂದು. ಆ ವಿಷಯಕ್ಕೆ ಅವಳು ಒಂದು ಮಾತೂ ಬರೆಯಲಿಲ್ಲ. ಅವರು ಹೇಗಿದ್ದಾರೆ ಎಂದಷ್ಟೇ ಕೇಳಿದಳು.

ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ನಾಲ್ಕಾರು ದಿನ ಹಿಂದೆ ಮುಂದೆ ನೋಡಿ, ಊರಿನ ನಂಬರ್ ಹುಡುಕಿ ಫೋನ್ ಮಾಡಿದೆ. ಆಂಟಿ ಎತ್ತಿ ಅವರಿಗೆ ಕೊಟ್ಟರು. ಮಳೆ ಜೋರುಂಟು, ಮಂಡಿಗೆ ಎಣ್ಣೆ ತಿಕ್ಕಿಸ್ತಾ ಇದ್ದೇನೆ, ನಿನ್ನ ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಹೊಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅವರು ಆರೋಗ್ಯವಾಗಿದ್ದಾರೆ, ಮಂಡಿ ಸ್ವಲ್ಪ ನೋವಿದೆ ಎಂದು ಲಾಡ್ಜಿನವಳಿಗೆ ಬರೆದು ಕಳಿಸಿದೆ.