ಅವ್ವ ಕಟ್ಟಿದ ಎರಡು ಬುತ್ತಿ

ನಮ್ಮ ಅವ್ವ ಗುರವ್ವನ ಹಟ ನಿಮಗೇನು ಗೊತ್ತರಿ! ಗೊಳಸಂಗಿಯಾಗ ಇರೂ ಆಕಿ ತಮ್ಮ ರೇವಪ್ಪ ಮಗನ ಲಗ್ನಕ್ಕ ತಾನು ಬಂದು ಕರೀಲಿಲ್ಲ, ಪೋಸ್ಟ್ ಕಾರ್ಡ್ ಹಾಕಿದ. ಅಷ್ಟ ಆತು ನೋಡ್ರಿ. "ನನ್ನ ಮನಿಗೆ ಬಂದು, ಒಂದು ತುತ್ತು ಉಂಡು, ಅಕ್ಕಾ ಬಾ ಅನ್ನೂತನಕ ಅವನ ಹೊಸ್ತಿಲಾ ತುಳಿಯಂಗಿಲ್ಲ" ಅಂದ್ಲು. ಐದು ವರ್ಷ ತುಳೀಲಿಲ್ಲ. ಆ ಪುಣ್ಯಾತ್ಮನೂ ಬರಲಿಲ್ಲ.

ದೊಡ್ಡ ಬರ ಕಳದು ಮೂರನೇ ವರ್ಷ ಶ್ರಾವಣದಾಗ ಕೃಷ್ಣಾ ಹೊಳಿ ಏರಾಕ ಹತ್ತಿತು. ಆಲಮಟ್ಟಿ ಹತ್ರ ಹೊಳಿದಂಡಿಗೇ ನಮ್ಮೂರು. ನಾ ಚೊಚ್ಚಲ ಬಸರಿ, ದಿನ ತುಂಬಿ ತವರಿಗೆ ಬಂದಿದ್ದೆ. ಸಂಜಿಮುಂದ ಅವ್ವ ನೀರು ಎಷ್ಟು ಏರ್ತೈತಿ ನೋಡಾಕ ದಂಡ್ಯಾಗ ಒಂದು ಕಟಗಿ ನೆಟ್ಟು ಬಂದ್ಲು. ಮುಂಜಾನೆ ನೋಡಿದ್ರ ಕಟಗೀನ ಇಲ್ಲ. ಬಾಗೇವಾಡಿ ದವಾಖಾನಿಗೆ ಹೋಗೂ ಬಸ್ಸೂ ಬಂದ್ ಆಗಿತ್ತು.

"ಗಾಡಿ ಹೂಡ್ರಿ, ಗೊಳಸಂಗಿಗೆ ಹೋಗೂನು" ಅಂದ್ಲು ಅವ್ವ.

ಅಪ್ಪ ಬಾಯಿ ತಗದ. "ರೇವಪ್ಪನ ಮನಿಗೆ? ನೀನು?"

"ಅಲ್ಲಿ ಸೂಲಗಿತ್ತಿ ಜೋಹರಾಬಿ ಇದ್ದಾಳ. ದಿನ್ನಿ ಹಿಡದು ಹೋದ್ರ ದೂರ ಆಗ್ತೈತಿ, ಖರೆ ಒಂದ ಹಳ್ಳ ದಾಟೂದು. ಗಾಡ್ಯಾಗ ಜ್ವಾಳದ ಕಣಿಕಿ ಹಾಸ್ರಿ, ಮ್ಯಾಲೆ ಎರಡು ಕೌದಿ."

ರೊಟ್ಟಿ ಬಡದು ಎರಡು ಬುತ್ತಿ ಕಟ್ಟಿದ್ಲು. ಎರಡು ಯಾಕವ್ವಾ ಅಂದೆ.

"ಒಂದು ದಾರಿಗೆ. ಇನ್ನೊಂದು ನನಗ. ನೀ ಒಳಗ ಹಡಿ, ನಾ ಹೊರಗ ಗಾಡಿ ಬುಡಕ ಇರ್ತೇನಿ."

ಅಪ್ಪ ಹಣಿ ಬಡಕೊಂಡ. ನನಗ ನಗೂನೂ ಬಂತು, ಅಳೂನೂ ಬಂತು.

ಹಳ್ಳದಾಗ ಅವ್ವ ಕಚ್ಚಿ ಹಾಕ್ಕೊಂಡು, ಬಡಗಿ ಕೋಲು ಊರಕೋತ, ಎತ್ತಿನ ಮುಂದ ನಡದ್ಲು. ನೀರು ಟೊಂಕದ ಮಟ ಇತ್ತು. ನನಗ ಅಲ್ಲೇ ಬ್ಯಾನಿ ಸುರು ಆತು.

ಹೊತ್ತು ಮುಳುಗೂ ಮುಂಚೆ ಮುಟ್ಟಿದಿವಿ. ರೇವಪ್ಪ ಮಾವನ ಹೆಂಡ್ತಿ ರುಕ್ಮವ್ವ ನನ್ನ ಒಳಗ ಕರಕೊಂಡು ಹೋದ್ಲು, ಜೋಹರಾಬಿ ಬಂದ್ಲು. ಅವ್ವ ಅಂದಂಗ ಗಾಡಿ ಬುಡಕ ಕಂಬಳಿ ಹಾಸಿ ಕುಂತ್ಲು. ನಾ "ಅವ್ವಾ, ಅವ್ವಾ" ಅಂತ ಒಂದ ಸಮ ಒದರಾಕ ಹತ್ತಿದೆ. ಕೂಸು ಬರವಲ್ದು, ನನ್ನ ಶಕ್ತಿ ಮುಗದಿತ್ತು. ಜೋಹರಾಬಿ ಬಾಗಿಲಿಗೆ ಹೋಗಿ ಚೀರಿದ್ಲು: "ನಿನ್ನ ಹಟಕ್ಕ ಬೆಂಕಿ ಹತ್ತಲಿ! ಮಗಳ ಜೀವ ಹೊಂಟೈತಿ, ಹಿಂದ ಹಿಡ್ಯಾಕ ಬಾ!"

ಮುಂದಿಂದು ಅಪ್ಪ ಹೇಳಿದ್ದು. ಅವ್ವ ಎದ್ಲು. ಹೊಸ್ತಿಲದ ಮಟ ಬಂದು ಕಾಲು ಎತ್ತಿದ್ಲು.

"ತಡಿ ಅಕ್ಕಾ!"

ರೇವಪ್ಪ ಮಾವ ಆಕೀನ ದಾಟಿ ಹೊರಗ ಓಡಿದ. ರಾಡ್ಯಾಗ ಮೊಣಕಾಲೂರಿ ಗಾಡಿ ಬುಡಕ ಹೊಕ್ಕ, ಆಕಿ ಕಂಬಳಿ ಮ್ಯಾಲೆ ಕುಂತ, ಆಕಿ ಬುತ್ತಿ ಬಿಚ್ಚಿ ಒಂದು ತುತ್ತು ಬಾಯಾಗ ಹಾಕ್ಕೊಂಡ.

"ನಿನ್ನ ಮನಿಗೆ ಬಂದೇನಿ, ಉಂಡೇನಿ. ಅಕ್ಕಾ... ಬಾ." ತುತ್ತು ಬಾಯಾಗ ಇದ್ದಂಗ ಅಳಾಕ ಹತ್ತಿದ್ದ.

"ಮೊದಲ ಬರಾಕ ಏನು ಧಾಡಿ ಆಗಿತ್ತೋ ಖೋಡಿ!" ಅಂತ ಬೈಕೋತ ಅವ್ವ ಒಳಗ ಓಡಿ ಬಂದ್ಲು. ನನ್ನ ಹಿಂದ ಕುಂತು ಎದಿಗೆ ಆನಿಸಿಕೊಂಡ್ಲು. ಆಕಿ ಸೀರಿ ಇನ್ನೂ ಹಳ್ಳದ ನೀರಾಗ ತೊಯ್ದಿತ್ತು.

"ಬಂದೇನಿ. ಈಗ ಹಡಿ" ಅಂದ್ಲು.

ಹಡದೆ.