ಗಂಧದ ಹಾರ ಹಾಕಿಸಿಕೊಂಡವರು

ಹಾವೇರಿಯ ನನ್ನ ಮನೆಯ ಅಟ್ಟ ಸ್ವಚ್ಛ ಮಾಡಲು ಹತ್ತಿದವಳಿಗೆ ಮೊನ್ನೆ ಒಂದು ಚೀಲ ಸಿಕ್ಕಿತು. ಬಿಚ್ಚಿದರೆ ಗಂಧದ ಚಕ್ಕೆಯ ಹಾರ. ತೀರಿಕೊಂಡವರ ಫೋಟೊಕ್ಕೆ ಹಾಕುತ್ತಾರಲ್ಲ, ಅದು. ಮೂಗಿನ ಹತ್ತಿರ ತಂದೆ. ಗಂಧದ ವಾಸನೆ ಯಾವಾಗಲೋ ಹೋಗಿತ್ತು. ಉಳಿದದ್ದು ಬ್ಯಾಡಗಿ ಮೆಣಸಿನಕಾಯಿಯ ಘಾಟು. ಸೀನಿದೆ, ಮತ್ತೆ ಸೀನಿದೆ, ಏಣಿ ಇಳಿದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ... ವೈನಿ ನೆನಪಾದರು.

ಆಗ ನಾವಿದ್ದ ಬ್ಯಾಡಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಗಂಡನನ್ನು ನಾವು ಅಣ್ಣ ಎನ್ನುತ್ತಿದ್ದೆವು, ಹಾಗಾಗಿ ಅವರು ವೈನಿ. ರಾಣೆಬೆನ್ನೂರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯಲ್ಲಿ ಅವರ ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಪರದೆಯ ಹಿಂದೆಯೇ ಬೆಳೆದ ವೈನಿ ಮೊದಲು ಕಂಪನಿಗೆ ಹೊಡೆದಾಟದ ದೃಶ್ಯ ಬರೆದುಕೊಟ್ಟರು, ಆಮೇಲೆ ಪೂರಾ ನಾಟಕ, ಆಮೇಲೆ ಬೆಂಗಳೂರಿನ ಟಿವಿಗೆ ಧಾರಾವಾಹಿ. ಮೊದಲಿನ ಧಾರಾವಾಹಿಗಳು ಮಕಾಡೆ ಬಿದ್ದವು. ಕೊನೆಯದು ಎಂಥಾ ಓಟ ಓಡಿತೆಂದರೆ, ಅದು ಬರುವ ಹೊತ್ತಿಗೆ ಗುತ್ತಲದ ಬಸ್ಸಿನಲ್ಲಿ ಹೆಂಗಸರೇ ಇರುತ್ತಿರಲಿಲ್ಲ. ನಾನು ಮೋಟೆಬೆನ್ನೂರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಧಾರಾವಾಹಿ ಎಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮೂಗು ಮುರಿಯುತ್ತಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನೋಡುತ್ತಿದ್ದೆ.

ಅದರಲ್ಲಿ ಹೆಂಡತಿಯನ್ನು ಹೊಡೆಯುವ ಗಂಡನೊಬ್ಬನಿದ್ದ. ಅಂಥವರು ಟಿವಿಯಲ್ಲಿ ಬೇಕಾದಷ್ಟು ಜನ. ಆದರೆ ವೈನಿ ಬರೆದವನು ಹೊಡೆಯುವ ಮೊದಲು ಕೈ ತೊಳೆಯುತ್ತಿದ್ದ. ನಳ ಬಿಟ್ಟು, ಸಾಬೂನು ಹಚ್ಚಿ, ಬೆರಳ ಸಂದಿಯನ್ನೆಲ್ಲ ತಿಕ್ಕಿ, ಟವೆಲ್ಲಿನಿಂದ ಒರೆಸಿಕೊಂಡು, ಅದನ್ನು ಮಡಚಿಟ್ಟು ಬರುತ್ತಿದ್ದ. ಆಮೇಲೆ ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಹೊಸ್ತಿಲಿಗೆ ಹಣೆ ಚಚ್ಚುತ್ತಿದ್ದ. ನಳದ ಸಪ್ಪಳ ಕೇಳಿದರೇ ನಾನು ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದೆ. “ಏಟು ಯಾರ ಬೇಕಾದ್ರೂ ಬರೀತಾರ. ಏಟಿನ ಮುಂಚೆ ಏನಾಕ್ಕೈತಿ ಅದನ್ನ ಬರೀಬೇಕು” ಎನ್ನುತ್ತಿದ್ದರು ವೈನಿ, ಆರಾಮಾಗಿ ಚಹಾ ಹೀರುತ್ತ. ಆ ದೃಶ್ಯಕ್ಕೆ ಬೆಂಗಳೂರಿನಲ್ಲಿ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದರು.

ಅರ್ಧ ತಿಂಗಳು ಅವರು ಬೆಂಗಳೂರಿನಲ್ಲಿ, ಅರ್ಧ ತಿಂಗಳು ಬ್ಯಾಡಗಿಯಲ್ಲಿ. ಇಲ್ಲಿದ್ದಾಗ ಮೆಣಸಿನಕಾಯಿ ಅಂಗಡಿಯ ಹಿಂದಿನ ಶೆಡ್ಡಿಗೆ ಹೋಗಿ, ತೊಟ್ಟು ಮುರಿಯುವ ಹೆಂಗಸರ ನಡುವೆ ತಾವೂ ಸೆರಗಿನಿಂದ ಮೂಗು ಕಟ್ಟಿಕೊಂಡು ಕುಳಿತುಬಿಡುತ್ತಿದ್ದರು. ಆ ಹೆಂಗಸರು ಜಗಳ ಆಡುವುದನ್ನು, ನಗುವುದನ್ನು ಕೇಳುತ್ತ ಅವರೂ ತೊಟ್ಟು ಮುರಿಯುತ್ತಿದ್ದರು. ಈ ಗಂಧದ ಹಾರ ಆಗ ಸದಾ ಅವರ ಚೀಲದಲ್ಲಿರುತ್ತಿತ್ತು. ಧಾರಾವಾಹಿಯಲ್ಲಿ ಯಾರನ್ನು ಸಾಯಿಸಿದರೂ ಫೋಟೊಕ್ಕೆ ಇದೇ ಹಾರ. ಆದರೆ ಇದನ್ನು ಹಾಕಿಸಿಕೊಂಡವರು ಹೆಚ್ಚು ದಿನ ಸತ್ತಿರುತ್ತಿರಲಿಲ್ಲ. ಜನ ಕೇಳುತ್ತಾರೆಂದು ಚಾನೆಲ್ಲಿನವರು ಎಬ್ಬಿಸಿಬಿಡುತ್ತಿದ್ದರು. ಹೊಳೆಗೆ ಬಿದ್ದವಳು ಯಾರದೋ ಗುಡಿಸಲಿನಲ್ಲಿ ಕಣ್ಣು ಬಿಡುತ್ತಿದ್ದಳು, ಬೆಂಕಿಯಲ್ಲಿ ಸುಟ್ಟುಹೋದವನು ಬೇರೆ ಮುಖ ಹೊತ್ತು ಬರುತ್ತಿದ್ದ.

ಆ ವರ್ಷ ಟಿವಿಯಲ್ಲಿ ಒಂದು ಜಾಹೀರಾತು ಶುರುವಾಯಿತು. ಮುಂದಿನ ವಾರದ ವಿಶೇಷ ಸಂಚಿಕೆಯಲ್ಲಿ ಹೆಂಡತಿ ಗಂಡನ ಕೈಯಲ್ಲೇ ಸಾಯುತ್ತಾಳೆ, ಆಮೇಲೆ ಅವನು ಪಶ್ಚಾತ್ತಾಪಪಟ್ಟು ಅಳುತ್ತಾನೆ ಎಂದು. ಚಾನೆಲ್ಲಿನವರ ಹುಕುಂ ಅದು. ಅದನ್ನು ನೋಡಿ, ತೊಟ್ಟು ಮುರಿಯುವವರಲ್ಲೇ ಒಬ್ಬಳು ಒಂದು ಮಧ್ಯಾಹ್ನ ವೈನಿಯ ಮನೆಗೆ ಬಂದಳು. ನಾನೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಅವಳ ಕಿವಿಯ ಹಾಲೆ ಹರಿದಿತ್ತು, ಓಲೆ ಇರಲಿಲ್ಲ. ಗಂಡ ಮೆಣಸಿನಕಾಯಿ ಚೀಲ ಹೊರುವ ಹಮಾಲ.

“ಅಕ್ಕಾರ, ಟಿವ್ಯಾಗ ಆಕಿ ಸಾಯ್ತಾಳಂತ. ಖರೇನ್ರಿ?”

“ಹಂಗ ಅಂದಾರವಾ ಚಾನೆಲ್ಲಿನವ್ರು. ಯಾಕ?”

“ಮೊದ್ಲ ನಮ್ಮಾಂವ ಕೈ ತೊಳೀತಿದ್ದಿಲ್ರಿ. ಖಾರದ ಕೈಲೇನ ಬಡೀತಿದ್ದ, ಕಣ್ಣು ಧಗಧಗ ಉರೀತಿದ್ವು. ಈಗ ತೊಳ್ಕೊಂಡು, ಒರಸ್ಕೊಂಡು ಬರ್ತಾನ. ಕಣ್ಣುರಿ ಒಂದು ತಪ್ಪೇತ್ರಿ.” ಹೀಗೆಂದವಳು ಮುಂಗೈ ತೋರಿಸಿದಳು. ಸೌಟಿನ ಆಕಾರದ ಬರೆ, ಇನ್ನೂ ಹಸಿಯಾಗಿತ್ತು. “ಟಿವ್ಯಾಗಿನಾಂವ ಜಡಿ ಹಿಡದ್ರ ಮರುದಿನ ಇಂವ ಜಡಿ ಹಿಡೀತಾನ. ಅಂವ ಸೌಟು ಕಾಸಿದ್ರ ಇಂವಾನೂ ಕಾಸ್ತಾನ. ಆಕೀನ್ನ ಕೊಲ್ಲಬ್ಯಾಡ್ರಿ ಅಕ್ಕಾರ. ಇಂವ ದಿನಾ ನೋಡ್ತಾನ.”

ವೈನಿ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು. ಕೈ ತೊಳೆಯುವುದನ್ನು ಅವರು ಯಾರಿಂದಲೂ ಕೇಳಿ ಬರೆದದ್ದಲ್ಲ. ಪೂರಾ ತಮ್ಮ ತಲೆಯಿಂದ ತೆಗೆದದ್ದು. ನನಗೆ ಅವರ ಮೇಲೆ ಸಿಟ್ಟು ಬಂತು, ಮರುಗಳಿಗೆ ಅಯ್ಯೋ ಅನಿಸಿತು.

“ಇವತ್ತ ಗುತ್ತಲಕ್ಕ ನಿಮ್ಮಕ್ಕನ ಮನಿಗೆ ಹೋಗಿಬಿಡು” ಎಂದೆ ನಾನು.

“ಹೋಗಿದ್ದೆರಿ. ಬಸ್ ಸ್ಟ್ಯಾಂಡಿನ್ಯಾಗ ಕಿವಿ ಹಿಡದು ಎಳ್ಕೊಂಡು ಬಂದ. ಅವಗ ಅಂಜಿಕಿ ಅನ್ನೂದ ಗೊತ್ತಿಲ್ರಿ.”

“ಅಂಜಿಕಿ ನಾ ಬರೀತೇನಿ” ಎಂದರು ವೈನಿ. “ಇಲ್ಲೆ ಕೇಳು. ನಾ ಅವನ್ನ ಕೊಲ್ತೇನಿ, ಆಕೀನ್ನಲ್ಲ. ಆದ್ರ ನಮ್ಮ ಕಸಬಿನ್ಯಾಗ ಸತ್ತಾಂವ ಸತ್ತಂಗ ಇರೂದಿಲ್ಲ. ನನ್ನ ಹೊರಗ ಹಾಕಿ ಅವನ್ನ ಎಬ್ಬಸ್ತಾರ. ಅಷ್ಟ್ರಾಗ ನೀ ಮನಿ ಬಿಟ್ಟಿರಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ಅದು ಬರೂ ದಿನ ನೀನು, ಶೆಡ್ಡಿನ ಹೆಂಗಸ್ರು ಎಲ್ಲಾರೂ ಈಕಿ ಮನ್ಯಾಗ ಕುಂತು ನೋಡ್ರಿ. ಈಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ.” ಮರುದಿನವೇ ಬೆಂಗಳೂರಿಗೆ ಹೊರಟುಹೋದರು.

ಮಧ್ಯಾಹ್ನ ಚಿತ್ರೀಕರಿಸಿದ್ದು ಸಂಜೆಗೇ ಪ್ರಸಾರವಾಗುತ್ತಿದ್ದ ಗಡಿಬಿಡಿಯ ಕೆಲಸ ಅದು. ವೈನಿ ಕೊನೆಯ ಗಳಿಗೆಯಲ್ಲಿ ದೃಶ್ಯ ಬದಲಿಸಿದರು, ಯಾರಿಗೂ ಓದಿ ನೋಡಲು ಪುರಸೊತ್ತಿರಲಿಲ್ಲ.

ಆ ಸಂಜೆ ಹಮಾಲನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನ ಯಾಕೆ ಬಂದಿದ್ದೀರಿ ಎಂದು ಅವನು ಕೇಳಲಿಲ್ಲ. ವಿಶೇಷ ಸಂಚಿಕೆಯಲ್ಲವೇ. ಅವನು ತಾಟಿನೆದುರು ಕುಳಿತು ರೊಟ್ಟಿ ಮುರಿಯುತ್ತಿದ್ದ. ಅವಳು ಅದೇ ಕೋಣೆಯ ಮೂಲೆಯ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಟಿವಿಯಲ್ಲಿ ಗಂಡ ನಳ ಬಿಟ್ಟ, ಕೈ ತೊಳೆದ, ಟವೆಲ್ ಮಡಚಿಟ್ಟ. ತಿರುಗಿದರೆ ಹೆಂಡತಿ ಕಾದ ರೊಟ್ಟಿಹಂಚು ಹಿಡಿದು ನಿಂತಿದ್ದಳು. ಮೊದಲ ಏಟು ದವಡೆಗೆ. ಚರ್ಮ ಚುರ್ ಎಂದದ್ದನ್ನೂ ವೈನಿ ಬಿಟ್ಟಿರಲಿಲ್ಲ. ಎರಡನೆಯದು ನೆತ್ತಿಗೆ. ಅವನು ಬಚ್ಚಲ ಕಲ್ಲಿಗೆ ತಲೆ ಒಡೆದುಕೊಂಡು ಬಿದ್ದ. ನಳ ಇನ್ನೂ ಸುರಿಯುತ್ತಲೇ ಇತ್ತು, ನೀರು ಕೆಂಪಗೆ ಹರಿಯಿತು. ಮುಂದಿನ ದೃಶ್ಯದಲ್ಲಿ ಅವನ ಫೋಟೊ, ಅದಕ್ಕೆ ಈ ಹಾರ.

ಹಮಾಲ ಎದ್ದು ಬಚ್ಚಲಿಗೆ ಹೋದ. ನಳದ ಸಪ್ಪಳ ಕೇಳಿಸಿತು. ಉಂಡ ಕೈ ತೊಳೆಯುತ್ತಿದ್ದಾನೋ, ಏನೋ... ಬಹಳ ಹೊತ್ತು ತೊಳೆದ. ಒರೆಸಿಕೊಂಡು ಬಂದವನೇ ನಮ್ಮನ್ನೆಲ್ಲ ದಾಟಿ ಅವಳ ಜಡೆಗೆ ಕೈ ಹಾಕಿದ. “ಬರಸೀದಿ ಹೌದಿಲ್ಲ? ನೀನ ಬರಸೀದಿ” ಎಂದು ಹಲ್ಲು ಕಡಿಯುತ್ತ ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಎರಡನೆಯ ಸಲ ಅಪ್ಪಳಿಸಲು ಎಳೆದಾಗ, ಒಲೆಯ ಮೇಲಿದ್ದ ಹಂಚು ಅವನ ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದದ್ದು ಕೇಳಿಸಿತು. ಆಮೇಲೆ ಕೊಡ, ಮಣೆ, ಚಪ್ಪಲಿ, ಕೈಗೆ ಸಿಕ್ಕಿದ್ದೆಲ್ಲ ಅವನ ಮೈಮೇಲೆ. ಸುಟ್ಟ ಚರ್ಮದ ವಾಸನೆ ಮನೆಯೆಲ್ಲ ತುಂಬಿತು. ಮೊದಲು ಹಂಚು ಬೀಸಿದವರು ಯಾರು ಎಂದು ಪೊಲೀಸರು ಎಷ್ಟು ಕೇಳಿದರೂ ಒಬ್ಬಳೂ ಹೇಳಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ನಾನೂ ಹೇಳುವುದಿಲ್ಲ.

ಅವನು ಆಸ್ಪತ್ರೆಯಲ್ಲಿರುವಾಗಲೇ ಅವಳು ಗುತ್ತಲ ಸೇರಿದಳು. ವೈನಿ ಹೇಳಿದಂತೆಯೇ ಆಯಿತು. ಕೆಲವೇ ದಿನಗಳಲ್ಲಿ ಧಾರಾವಾಹಿಯಿಂದ ಅವರ ಹೆಸರು ಹೋಯಿತು, ಸತ್ತವನು ಬೇರೊಬ್ಬ ಎಂದು ಕಥೆ ತಿರುಗಿಸಿ ಆ ಗಂಡನನ್ನು ಎಬ್ಬಿಸಿಯೇ ಬಿಟ್ಟರು. ಹಮಾಲನೂ ಪಟ್ಟಿ ಕಟ್ಟಿದ ಕೈಯಲ್ಲಿ ಗುತ್ತಲಕ್ಕೆ ಹೋದನಂತೆ. ಅವಳು ಒಳಗಿನಿಂದ ಹಂಚು ತಂದು ಹೊಸ್ತಿಲ ಮೇಲೆ ಇಟ್ಟಳಂತೆ, ಅಷ್ಟೇ. ಅವನು ಮುಂದಿನ ಬಸ್ಸಿಗೇ ತಿರುಗಿ ಬಂದ.

ವೈನಿಗೆ ಮತ್ತೆ ಯಾವ ಚಾನೆಲ್ಲಿನಿಂದಲೂ ಕರೆ ಬರಲಿಲ್ಲ. ಅವರು ಶೆಡ್ಡಿನಲ್ಲಿ ಕುಳಿತು, ತೊಟ್ಟು ಮುರಿಯುತ್ತ, ತಮ್ಮ ಧಾರಾವಾಹಿಯ ಮುಂದಿನ ಕಥೆಯನ್ನು ಬಾಯಲ್ಲೇ ಹೇಳುತ್ತಿದ್ದರು. ಹೆಂಗಸರು ಟಿವಿ ಬಿಟ್ಟು ಅದನ್ನೇ ಕೇಳುತ್ತಿದ್ದರು. ಕೊನೆಕೊನೆಗೆ ಹಾಸಿಗೆ ಹಿಡಿದಾಗ ಹಾರ ನನ್ನ ಕೈಗೆ ಕೊಟ್ಟು ನಕ್ಕರು. “ನನ್ನ ಫೋಟೊಕ್ಕ ಇದನ್ನ ಹಾಕಬ್ಯಾಡ ಮತ್ತ. ಇದನ್ನ ಹಾಕಿಸ್ಕೊಂಡಾವ್ರೆಲ್ಲಾ ಎದ್ದು ಬಂದಾರ. ನನಗ ಸಾಕಾಗೇತಿ.”

ನಾನು ಅವರ ಮಾತು ನಡೆಸಿದೆ. ಇಷ್ಟು ವರ್ಷ ಅವರ ಫೋಟೊಕ್ಕೆ ಹೂವಿನ ಮಾಲೆಯನ್ನೇ ಹಾಕುತ್ತ ಬಂದೆ. ಮೊನ್ನೆ ಮಾತ್ರ ಮನಸ್ಸು ತಡೆಯಲಿಲ್ಲ. ಹಾರದ ಧೂಳು ಝಾಡಿಸಿ, ನನ್ನ ಪಡಸಾಲೆಯ ಗೋಡೆಯ ಮೇಲಿರುವ ಅವರ ಫೋಟೊಕ್ಕೆ ಹಾಕಿದೆ. ಚಹಾ ಮಾಡಿ, ಎರಡು ಕಪ್ಪಿಗೆ ಬಗ್ಗಿಸಿ, ಬಾಗಿಲು ತೆರೆದಿಟ್ಟು ಕುಳಿತೆ. ಎರಡೂ ಕಪ್ಪು ಆರಿದವು... ಕತ್ತಲಾದ ಮೇಲೆ ಎದ್ದು ಬಾಗಿಲು ಹಾಕಿದೆ.